ಯಾಜಕಕಾಂಡ 23 ಮತ್ತು ನಮ್ಮ ಸಭೆಯ ಹಬ್ಬಗಳು: ಅಧ್ಯಯನ ಟಿಪ್ಪಣಿ

ಗುಳೇದಗುಡ್ಡದ ನಮ್ಮ ಗುರುವಾರದ ಅಧ್ಯಯನ ಕೂಟದಲ್ಲಿ ಕಳೆದ ತಿಂಗಳು ಯಾಜಕಕಾಂಡ 23ನೆಯ ಅಧ್ಯಾಯ ಓದುತ್ತಿದ್ದೆವು. ಏಳು ದಿನ ಹುಳಿಯಿಲ್ಲದ ರೊಟ್ಟಿ ತಿನ್ನಬೇಕೆಂಬ ಆರನೆಯ ವಚನ ಬಂದಾಗ ಹಿರಿಯ ಅಕ್ಕಾವರೊಬ್ಬರು ಪುಸ್ತಕದಿಂದ ತಲೆ ಎತ್ತಿದರು. "ತಮ್ಮಾ, ನಾವು ವರ್ಷವಿಡೀ ತಿನ್ನುವುದು ಅದೇ ಅಲ್ಲವೇ? ಜೋಳದ ರೊಟ್ಟಿಗೆ ಯಾರು ಹುಳಿ ಹಾಕುತ್ತಾರೆ?" ಎಂದು ಕೇಳಿದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅದೇ ಸಂಜೆ ಒಬ್ಬ ಯುವಕ ಇನ್ನೊಂದು ಪ್ರಶ್ನೆ ಎತ್ತಿದ: ಬೈಬಲಿನಲ್ಲಿ ಹೇಳಿದ ಹಬ್ಬಗಳನ್ನು ನಾವು ಮಾಡುವುದಿಲ್ಲ, ನಾವು ಮಾಡುವ ಕ್ರಿಸ್ಮಸ್ ಮತ್ತು ಈಸ್ಟರ್ ಬೈಬಲಿನ ಆಜ್ಞೆಗಳಲ್ಲಿ ಇಲ್ಲ, ಹಾಗಾದರೆ ನಾವು ದಾರಿ ತಪ್ಪಿದ್ದೇವೆಯೇ? ಎರಡು ಪ್ರಶ್ನೆಗಳನ್ನೂ ಮನೆಗೆ ಹೊತ್ತು ತಂದು ಓದಿದ್ದನ್ನು, ಅಂದು ಬರಲಾಗದವರಿಗೂ ಸಿಗಲಿ ಎಂದು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಹುಳಿಯ ಮಾತು. ಇಲ್ಲಿ ಹುಳಿ ಎಂದರೆ ಹುಣಸೆಯ ಹುಳಿಯಲ್ಲ. ಹಿಂದಿನ ದಿನದ ಹಿಟ್ಟಿನಲ್ಲಿ ಒಂದು ಉಂಡೆಯನ್ನು ಎತ್ತಿಟ್ಟು, ಮರುದಿನ ಹೊಸ ಹಿಟ್ಟಿಗೆ ಬೆರೆಸಿದರೆ ಇಡೀ ಮುದ್ದೆ ಉಬ್ಬುತ್ತದೆ. ಆ ಹಳೆಯ ಉಂಡೆಯೇ ಹುಳಿ. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಹತ್ತಿರವಾದದ್ದು ಮೊಸರಿನ ಹೆಪ್ಪು. ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪು, ಇಂದಿನದು ನಾಳೆಗೆ; ಹೀಗೆ ವರ್ಷಗಟ್ಟಲೆ ಒಂದೇ ಎಳೆ ಸಾಗುತ್ತದೆ. ಮನೆಯಲ್ಲಿರುವ ಹೆಪ್ಪನ್ನೆಲ್ಲ ಒಂದು ದಿನ ಚೆಲ್ಲಿ, ಪಾತ್ರೆಗಳನ್ನೆಲ್ಲ ತೊಳೆದು, ಏಳು ದಿನ ಹಾಗೆಯೇ ಇರಬೇಕು ಎಂದು ಯಾರಾದರೂ ಹೇಳಿದರೆ ಮನೆಯೊಡತಿಗೆ ಹೇಗಾದೀತು? ಇಸ್ರಾಯೇಲ್ಯರಿಗೆ ಬಂದ ಅಪ್ಪಣೆ ಅಂಥದ್ದು. ಐಗುಪ್ತದಿಂದ ಹೊರಟ ರಾತ್ರಿ ಹಿಟ್ಟು ಹುಳಿಯಾಗುವವರೆಗೆ ಕಾಯಲು ಸಮಯವಿರಲಿಲ್ಲ ಎಂದು ವಿಮೋಚನಕಾಂಡ 12:39 ಹೇಳುತ್ತದೆ. ಆ ಅವಸರದ ನೆನಪನ್ನು ಬಾಯಿಗೆ ರುಚಿಯಾಗಿ ಉಳಿಸುವ ಹಬ್ಬ ಇದು. ಯೆಹೂದ್ಯರು ಇಂದಿಗೂ ಹಿಟ್ಟಿಗೆ ನೀರು ಬಿದ್ದ 18 ನಿಮಿಷಗಳೊಳಗೆ ಆ ರೊಟ್ಟಿಯನ್ನು ಸುಟ್ಟು ಮುಗಿಸುತ್ತಾರೆ.

ಹಾಗಾದರೆ ಅಕ್ಕಾವರ ಜೋಳದ ರೊಟ್ಟಿ? ಯೆಹೂದಿ ಧರ್ಮಶಾಸ್ತ್ರಿಗಳ ಪ್ರಕಾರ ಈ ಹಬ್ಬದ ರೊಟ್ಟಿ ಗೋಧಿ, ಬಾರ್ಲಿ ಮೊದಲಾದ ಐದು ಧಾನ್ಯಗಳಿಂದಲೇ ಆಗಬೇಕು. ಹುಳಿಯಾಗಿ ಉಬ್ಬಬಲ್ಲ ಧಾನ್ಯದಿಂದ ಮಾತ್ರ ಹುಳಿಯಿಲ್ಲದ ರೊಟ್ಟಿಗೆ ಅರ್ಥ. ಜೋಳ ಆ ಪಟ್ಟಿಯಲ್ಲಿಲ್ಲ. ಬಿಟ್ಟುಕೊಡಲು ನಮ್ಮ ರೊಟ್ಟಿಯಲ್ಲಿ ಏನೂ ಇಲ್ಲ. ಪೌಲನು 1 ಕೊರಿಂಥ 5:7-8ರಲ್ಲಿ ಹಳೆಯ ಹುಳಿಯನ್ನು ತೆಗೆದುಹಾಕಿರಿ ಎಂದು ಬರೆಯುವಾಗ ಅವನ ಮನಸ್ಸಿನಲ್ಲಿದ್ದದ್ದು ಈ ಬಿಟ್ಟುಕೊಡುವಿಕೆ. ಅಲ್ಲಿಯೇ ಕ್ರಿಸ್ತನನ್ನು ನಮ್ಮ ಪಸ್ಕದ (ಐಗುಪ್ತದಿಂದ ಹೊರಟ ಆ ರಾತ್ರಿಯ ನೆನಪಿನ ಹಬ್ಬದ) ಕುರಿಮರಿ ಎಂದು ಕರೆಯುತ್ತಾನೆ.

ಹುಣ್ಣಿಮೆ ಮತ್ತು ಜಾತ್ರೆ

ಯಾಜಕಕಾಂಡ 23ರ ಪಟ್ಟಿ ಹೀಗಿದೆ. ವಾರವಾರದ ಸಬ್ಬತ್ತು ಎಂಬ ವಿಶ್ರಾಂತಿಯ ದಿನ, ಮೊದಲನೆಯ ತಿಂಗಳ 14ರ ಸಂಜೆ ಪಸ್ಕ, 15ರಿಂದ ಏಳು ದಿನ ಹುಳಿಯಿಲ್ಲದ ರೊಟ್ಟಿಗಳ ಹಬ್ಬ, ಅದರ ನಡುವೆ ಪ್ರಥಮ ಫಲದ ಸಿವುಡು, ಅಲ್ಲಿಂದ ಏಳು ವಾರ ಎಣಿಸಿ ಐವತ್ತನೆಯ ದಿನ ವಾರಗಳ ಹಬ್ಬ, ಅಂದರೆ ಪಂಚಾಶತ್ತಮ, ಏಳನೆಯ ತಿಂಗಳಲ್ಲಿ 1ಕ್ಕೆ ಕೊಂಬಿನ ಧ್ವನಿಯ ದಿನ, 10ಕ್ಕೆ ದೋಷಪರಿಹಾರಕ ದಿನ, 15ರಿಂದ ಏಳು ದಿನ ಪರ್ಣಶಾಲೆಗಳ ಹಬ್ಬ.

ಪುಸ್ತಕದಲ್ಲಿ ಬರಿಯ ಅಂಕಿಗಳಾಗಿ ಕಾಣುವ ಈ ದಿನಗಳು ನಮ್ಮ ಕಡೆಯ ರೈತನಿಗೆ ಬೇಗ ಅರ್ಥವಾಗುತ್ತವೆ. ಅಲ್ಲಿ ತಿಂಗಳು ಹುಟ್ಟುವುದು ಅಮಾವಾಸ್ಯೆಯ ನಂತರದ ಹೊಸ ಚಂದ್ರನೊಂದಿಗೆ, ಆದ್ದರಿಂದ 14, 15 ಎಂದರೆ ಹುಣ್ಣಿಮೆ. ನಮ್ಮ ಪಂಚಾಂಗದ ಹಾಗೆಯೇ ಅವರಲ್ಲಿಯೂ ಕೆಲವು ವರ್ಷಕ್ಕೊಮ್ಮೆ ಅಧಿಕ ಮಾಸ ಬರುತ್ತದೆ. ಹೀಗಾಗಿ ಪಸ್ಕ ಹಲವು ಸಲ ನಮ್ಮ ದವನದ ಹುಣ್ಣಿಮೆಯ ಹೊತ್ತಿಗೆ, ಪರ್ಣಶಾಲೆಗಳ ಹಬ್ಬ ಶೀಗಿ ಹುಣ್ಣಿಮೆಯ ಹೊತ್ತಿಗೆ ಬೀಳುತ್ತದೆ. 2025ರಲ್ಲಿ ಎರಡೂ ಸರಿಯಾಗಿ ಕೂಡಿದವು: ಏಪ್ರಿಲ್ 12 ಮತ್ತು ಅಕ್ಟೋಬರ್ 6. ಗೋಡೆಯ ಕ್ಯಾಲೆಂಡರಿನಲ್ಲಿ ಆ ಎರಡು ಹುಣ್ಣಿಮೆಗಳಿಗೆ ಪೆನ್ಸಿಲಿನಿಂದ ಗುರುತು ಹಾಕಿದಾಗ ನನಗಾದ ಸಂತೋಷವನ್ನು ಹೇಳಲೇಬೇಕು. ದೂರದ ನಾಡಿನದೆಂದು ಎಣಿಸಿದ್ದ ಅಧ್ಯಾಯವನ್ನು ನಮ್ಮ ಮನೆಯ ಮೇಲಿನ ಚಂದ್ರನೇ ಓದಿಸಿದಂತಾಯಿತು.

ಇನ್ನೊಂದು ಮಾತು. ಇಬ್ರಿಯ ಭಾಷೆಯಲ್ಲಿ ಈ ದಿನಗಳಿಗೆಲ್ಲ 'ಮೋಎದ್' ಎಂಬ ಹೆಸರಿದೆ, ಗೊತ್ತುಪಡಿಸಿದ ಸಮಯ ಎಂದರ್ಥ. ಆದರೆ ಇವುಗಳಲ್ಲಿ ಮೂರನ್ನು ಮಾತ್ರ 'ಹಗ್' ಎನ್ನುತ್ತಾರೆ: ಹುಳಿಯಿಲ್ಲದ ರೊಟ್ಟಿಗಳದು, ವಾರಗಳದು, ಪರ್ಣಶಾಲೆಗಳದು. ಮೆಕ್ಕಾ ಯಾತ್ರೆಯ 'ಹಜ್' ಎಂಬ ಅರಬ್ಬಿ ಮಾತು ಇದರ ಒಡಹುಟ್ಟು. ಮನೆಯಲ್ಲಿ ಕುಳಿತು ಮಾಡುವುದಲ್ಲ, ಹೊರಟು ಹೋಗಿ ಸೇರುವುದು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಗೆ ನಡೆದು ಹೋಗುವ ಜನರನ್ನು ನೋಡುತ್ತ ಬೆಳೆದ ನಮಗೆ ಇದಕ್ಕೆ ಜಾತ್ರೆ ಎಂಬ ಮಾತೇ ಸರಿ. ಲೂಕ 2ರಲ್ಲಿ ಹನ್ನೆರಡು ವರ್ಷದ ಯೇಸು ಹಿಂದೆ ಉಳಿದರೂ, ಜೊತೆಯವರ ಗುಂಪಿನಲ್ಲಿ ಇರಬಹುದೆಂದು ತಂದೆತಾಯಿ ಒಂದು ದಿನದ ದಾರಿ ನಡೆದುಬಿಟ್ಟರು ಎಂದಿದೆ. ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಈ ವಚನಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ಯಾವುದು ಬಂತು, ಯಾವುದು ಬರಲಿಲ್ಲ

ಹಳೆಯ ಹಬ್ಬಗಳನ್ನು ಕ್ರೈಸ್ತ ಸಭೆ ಪೂರ್ತಿ ಬಿಟ್ಟಿತೆನ್ನುವುದು ತಪ್ಪು. ಕ್ರಿಸ್ತನ ಮರಣ ಮತ್ತು ಪುನರುತ್ಥಾನ ನಡೆದದ್ದು ಪಸ್ಕದ ಕಾಲದಲ್ಲಿ, ಪವಿತ್ರಾತ್ಮ ಇಳಿದುಬಂದದ್ದು ಪಂಚಾಶತ್ತಮ ದಿನದಲ್ಲಿ. ಈ ಎರಡು ಸಭೆಯೊಂದಿಗೆ ನಡೆದು ಬಂದವು. ಏಳನೆಯ ತಿಂಗಳ ಮೂರು ಬರಲಿಲ್ಲ. ಕಾರಣ ಆಜ್ಞೆಯಲ್ಲ, ಘಟನೆ.

ಈಸ್ಟರ್ ಎಂಬ ಹೆಸರಿನ ಬಗ್ಗೆ ಬಹಳ ತಪ್ಪು ತಿಳಿವಳಿಕೆ ಇದೆ. ಇದು ಬಾಬಿಲೋನಿನ ಇಷ್ಟಾರ್ ದೇವತೆಯ ಹೆಸರು ಎಂಬ ಸಂದೇಶ ಪ್ರತಿವರ್ಷ ಮೊಬೈಲಿಗೆ ಬರುತ್ತದೆ. ಎರಡು ಮಾತುಗಳ ಧ್ವನಿ ಹೋಲುತ್ತದೆ, ಅಷ್ಟೇ. ಗ್ರೀಕ್, ಲ್ಯಾಟಿನ್ ಮತ್ತು ಅವುಗಳ ಮಕ್ಕಳಾದ ಭಾಷೆಗಳಲ್ಲಿ ಈ ಹಬ್ಬದ ಹೆಸರು ಪಸ್ಕದಿಂದಲೇ ಬಂದಿದೆ. ನಮ್ಮ ಕಥೋಲಿಕ ಸಹೋದರರು ಕನ್ನಡದಲ್ಲಿಯೂ ಪಾಸ್ಖ ಎನ್ನುತ್ತಾರೆ. ಈಸ್ಟರ್ ಎಂಬುದು ಇಂಗ್ಲಿಷರಿಂದ ನಮಗೆ ಬಂದ ಹೆಸರು. ಇಂಗ್ಲೆಂಡಿನ ಬೀಡ್ ಎಂಬ ಸನ್ಯಾಸಿ 725ರಲ್ಲಿ ಇದನ್ನು ಅಲ್ಲಿನ ಒಂದು ತಿಂಗಳ ಹೆಸರಿನೊಂದಿಗೂ ಈಯೋಸ್ತ್ರೆ ಎಂಬ ದೇವತೆಯೊಂದಿಗೂ ಜೋಡಿಸಿದ್ದಾನೆ. ಆದರೆ ಹಬ್ಬ ಆ ಹೆಸರಿಗಿಂತ ಎಷ್ಟೋ ಹಳೆಯದು. ಎರಡನೆಯ ಶತಮಾನದಲ್ಲಿಯೇ ಏಷ್ಯಾ ಮೈನರಿನ (ಇಂದಿನ ಟರ್ಕಿಯ) ಸಭೆಗಳು ಯೆಹೂದಿ ತಿಂಗಳ 14ಕ್ಕೆ, ರೋಮಿನವರು ರವಿವಾರಕ್ಕೆ ಎಂದು ವಾದಿಸುತ್ತಿದ್ದರು. ಅಲ್ಲಿನ ಸ್ಮುರ್ನದ ಬಿಷಪ್ ಪಾಲಿಕಾರ್ಪನು ರೋಮಿಗೆ ಹೋಗಿ ಆ ಊರಿನ ಬಿಷಪನೊಂದಿಗೆ ಮಾತನಾಡಿದರೂ ಒಪ್ಪಂದವಾಗಲಿಲ್ಲ, ಆದರೂ ಇಬ್ಬರೂ ಸಮಾಧಾನದಿಂದ ಬೀಳ್ಕೊಂಡರು. 325ರಲ್ಲಿ ನಿಕೇಯದಲ್ಲಿ ಕೂಡಿದ ಬಿಷಪರ ಮಹಾಸಭೆ ರವಿವಾರದ ಕಡೆಗೆ ತೀರ್ಮಾನಿಸಿತು. ಈಸ್ಟರ್ ದಿನಾಂಕ ಇಂದಿಗೂ ವರ್ಷವರ್ಷ ಜರುಗುವುದು ಆ ಹುಣ್ಣಿಮೆಯ ಲೆಕ್ಕ ಇನ್ನೂ ಉಳಿದಿರುವುದರಿಂದ.

ಕ್ರಿಸ್ಮಸ್ ಬೇರೆ. ಸುವಾರ್ತೆಗಳಲ್ಲಿ ತಾರೀಖು ಇಲ್ಲ. ಡಿಸೆಂಬರ್ 25ರ ಮೊದಲ ದಾಖಲೆ ಸಿಗುವುದು 354ರ ಒಂದು ರೋಮನ್ ಪಂಚಾಂಗದಲ್ಲಿ. ಅದರೊಳಗಿನ ಪಟ್ಟಿ 336ರದೆಂದು ವಿದ್ವಾಂಸರು ಹೇಳುತ್ತಾರೆ. ಔರೇಲಿಯನ್ ಚಕ್ರವರ್ತಿ 274ರಲ್ಲಿ ಪ್ರತಿಷ್ಠಾಪಿಸಿದ ಅಜೇಯ ಸೂರ್ಯನ ಹಬ್ಬವನ್ನು ಕ್ರೈಸ್ತರು ಎತ್ತಿಕೊಂಡರು ಎಂಬುದು ಒಂದು ವಾದ. ಆದರೆ ಡಿಸೆಂಬರ್ 25ಕ್ಕೆ ಸೂರ್ಯನ ಹಬ್ಬ ಇತ್ತೆಂಬ ಹಳೆಯ ದಾಖಲೆಯೂ ಅದೇ 354ರ ಪಂಚಾಂಗದಲ್ಲಿಯೇ ಇದೆ! ಕ್ರಿಸ್ತನು ಗರ್ಭದಲ್ಲಿ ಬಂದದ್ದೂ ಶಿಲುಬೆಯಲ್ಲಿ ಸತ್ತದ್ದೂ ಮಾರ್ಚ್ 25ಕ್ಕೆ ಎಂಬ ಹಳೆಯ ನಂಬಿಕೆಯಿಂದ ಒಂಬತ್ತು ತಿಂಗಳು ಎಣಿಸಿದರು ಎಂಬುದು ಇನ್ನೊಂದು ವಾದ. ಎರಡನ್ನೂ ತೂಗಿ ನೋಡಿದ ಮೇಲೆ, "ಇದು ಅನ್ಯರ ಹಬ್ಬ" ಎಂದು ಖಡಾಖಂಡಿತವಾಗಿ ಹೇಳುವುದು ಪ್ರಾಮಾಣಿಕವಲ್ಲ ಎಂದು ನನಗೆ ಅನ್ನಿಸಿದೆ. ಅರ್ಮೇನಿಯದ ಸಭೆ ಈ ಹೊತ್ತಿಗೂ ಜನವರಿ 6ಕ್ಕೇ ಕ್ರಿಸ್ತ ಜನನ ಆಚರಿಸುತ್ತದೆ.

ಉಳಿದ ಅಲಂಕಾರಗಳು ಇತ್ತೀಚಿನವು. ಗೋದಲಿ 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಸಂತ ಫ್ರಾನ್ಸಿಸ್ ಮಾಡಿದ್ದರಿಂದ ಹರಡಿತು. ಮರ ಜರ್ಮನ್ ನಾಡಿನದು. ಜರ್ಮನ್ ಮಾತಾಡುವ ಪಾದ್ರಿಗಳ ಬಾಸೆಲ್ ಮಿಶನ್ನಿನವರು ಕಟ್ಟಿದ ಊರಿನ ಸಭೆಯಲ್ಲಿ ಸರ್ವೆ ಗಿಡದ ಟೊಂಗೆ ನಿಲ್ಲಿಸುವುದು ಆಶ್ಚರ್ಯವೇನಲ್ಲ. ಯೆರೆಮೀಯ 10ನ್ನು ಈ ಮರದ ಮೇಲೆ ಹೊರಿಸುವವರಿದ್ದಾರೆ. ಆ ಅಧ್ಯಾಯ ಮರ ಕಡಿದು ವಿಗ್ರಹ ಕೆತ್ತುವುದರ ಬಗ್ಗೆ ಇದೆ, ಪೂರ್ತಿ ಓದಿರಿ. ನಮ್ಮ ಮನೆಗಳ ಕರ್ಚಿಕಾಯಿ, ಶೇಂಗಾ ಹೋಳಿಗೆ ಯಾವ ಮಿಶನರಿಯೂ ತಂದದ್ದಲ್ಲ, ನಮ್ಮ ಅಜ್ಜಿಯರದು.

ಯುವಕನ ಪ್ರಶ್ನೆಗೆ

ಅವನ ಪ್ರಶ್ನೆ ಹೊಸದಲ್ಲ. ಬೈಬಲಿನಲ್ಲಿ ಇಲ್ಲವೆಂಬ ಕಾರಣಕ್ಕೇ ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಕ್ರೈಸ್ತರು 1659ರಲ್ಲಿ ಕ್ರಿಸ್ಮಸ್ ಆಚರಿಸಿದವರಿಗೆ ಐದು ಶಿಲ್ಲಿಂಗ್ ದಂಡ ಇಟ್ಟರು. 1681ರವರೆಗೆ ಆ ಕಾನೂನು ಇತ್ತು. ಅವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ಯೋಹಾನ 10:22ನ್ನು ಎದುರಿಗೆ ಇಟ್ಟುಕೊಳ್ಳಿರಿ. ಚಳಿಗಾಲ, ಪ್ರತಿಷ್ಠೆಯ ಹಬ್ಬ, ಯೇಸು ದೇವಾಲಯದಲ್ಲಿ ಸೊಲೊಮೋನನ ಮಂಟಪದಲ್ಲಿ ತಿರುಗಾಡುತ್ತಿದ್ದಾನೆ. ಆ ಹಬ್ಬ ಮೋಶೆಯ ಧರ್ಮಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ. ಅಪವಿತ್ರವಾಗಿದ್ದ ದೇವಾಲಯವನ್ನು ಮಕ್ಕಬಿಯರೆಂಬ ಯೆಹೂದಿ ಹೋರಾಟಗಾರರು ಕ್ರಿಸ್ತಪೂರ್ವ 164ರಲ್ಲಿ ಶುದ್ಧಪಡಿಸಿ ಹೊಸದಾಗಿ ಸ್ಥಾಪಿಸಿದ್ದು. ಪರ್ಣಶಾಲೆಗಳ ಹಬ್ಬದಲ್ಲಿ ಸಿಲೋವದ ಕೊಳದಿಂದ ನೀರು ತಂದು ಹೊಯ್ಯುವ ಪದ್ಧತಿಯೂ ಯಾಜಕಕಾಂಡದಲ್ಲಿಲ್ಲ. ಆದರೂ ಆ ಹಬ್ಬದ ಕಡೆಯ ದಿನವೇ ಯೇಸು ಎದ್ದು ನಿಂತು, ನೀರಡಿಕೆಯಾದವರು ನನ್ನ ಬಳಿಗೆ ಬರಲಿ ಎಂದು ಕೂಗಿದ್ದು (ಯೋಹಾನ 7:37). ಮನುಷ್ಯರು ಸೇರಿಸಿದ ಆಚರಣೆಯನ್ನು ಆತನು ಬೈಯಲಿಲ್ಲ, ಅದರೊಳಗೆ ನಿಂತು ಮಾತನಾಡಿದನು.

ಇನ್ನೊಂದು ಕಡೆಯನ್ನೂ ನೋಡಬೇಕು. ಇಸ್ರಾಯೇಲಿನ ಅರಸ ಯಾರೊಬ್ಬಾಮನು ತನ್ನ ಮನಸ್ಸಿಗೆ ಬಂದ ಎಂಟನೆಯ ತಿಂಗಳ 15ಕ್ಕೆ ಹಬ್ಬ ಮಾಡಿದ್ದನ್ನು 1 ಅರಸುಗಳು 12 ಖಂಡಿಸುತ್ತದೆ. ಅಲ್ಲಿ ಚಿನ್ನದ ಬಸವನ ಮೂರ್ತಿಗಳಿದ್ದವು, ಜನರು ಯೆರೂಸಲೇಮಿಗೆ ಹೋಗದಿರಲಿ ಎಂಬ ರಾಜಕೀಯವಿತ್ತು. ಆದರೆ ದೇವರೇ ಆಜ್ಞಾಪಿಸಿದ ಹಬ್ಬಗಳನ್ನೂ "ನನಗೆ ಹೊರೆ" ಎಂದು ಯೆಶಾಯ 1:14 ದೂಡುತ್ತದೆ, ಏಕೆಂದರೆ ಆಚರಿಸುವವರ ಕೈಗಳಲ್ಲಿ ರಕ್ತವಿತ್ತು. ಹೆಸರು ಪಟ್ಟಿಯಲ್ಲಿದ್ದರೂ ಹಬ್ಬ ಕೆಡಬಹುದು. ರೋಮಾಪುರ 14:5 ಮತ್ತು ಕೊಲೊಸ್ಸೆ 2:16-17 ಓದಿದ ಮೇಲೆ, ಏಳು ಹಬ್ಬಗಳನ್ನು ಮಾಡದ ಕ್ರೈಸ್ತನು ತಪ್ಪಿತಸ್ಥನೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕ್ರಿ.ಶ. 70ರಲ್ಲಿ ದೇವಾಲಯ ಬಿದ್ದ ಮೇಲೆ ಯಾಜಕಕಾಂಡದಲ್ಲಿ ಬರೆದಂತೆಯೇ ಪಸ್ಕ ಮಾಡಲು ಯೆಹೂದ್ಯರಿಗೂ ಸಾಧ್ಯವಿಲ್ಲ.

ಹೀಗಿರುವಾಗ ಒಂದು ಹಬ್ಬವನ್ನು ಯಾವುದರಿಂದ ಅಳೆಯಬೇಕು? ಯಾಜಕಕಾಂಡ 23ರಲ್ಲಿಯೇ ಒಂದು ವಚನವಿದೆ, ಬೇಗ ಓದಿದರೆ ತಪ್ಪಿಹೋಗುತ್ತದೆ. ವಾರಗಳ ಹಬ್ಬ ಮುಗಿದು ಕೊಂಬಿನ ಧ್ವನಿಯ ದಿನ ಆರಂಭವಾಗುವ ಮೊದಲು, 22ನೆಯ ವಚನ: ಹೊಲದ ಅಂಚಿನವರೆಗೆ ಕೊಯ್ಯಬೇಡಿರಿ, ಹಕ್ಕಲು, ಅಂದರೆ ಕೊಯ್ಯುವಾಗ ಉದುರಿ ಉಳಿದ ತೆನೆ, ಆಯಬೇಡಿರಿ, ಅವು ಬಡವರಿಗೂ ಪರದೇಶಿಗಳಿಗೂ ಇರಲಿ. ಹಬ್ಬಗಳ ಪಟ್ಟಿಯ ನಡುವೆ ಹೊಲದ ಮಾತೇಕೆ? ಹಕ್ಕಲಿಲ್ಲದ ಸುಗ್ಗಿ ಈ ಪಟ್ಟಿಯ ಪ್ರಕಾರ ಹಬ್ಬವೇ ಅಲ್ಲ ಎಂದು ನಾನು ಓದಿಕೊಂಡಿದ್ದೇನೆ. ವಾರಗಳ ಹಬ್ಬದಂದು ಯೆಹೂದ್ಯರು ರೂತಳ ಪುಸ್ತಕ ಓದುತ್ತಾರೆ. ಹಕ್ಕಲು ಆಯ್ದು ಬದುಕಿದ ಪರದೇಶದ ವಿಧವೆಯ ಕಥೆ ಅದು.

ಇದೇ ಅಳತೆಯಿಂದ ನಮ್ಮ ಸಭೆಯ ಸುಗ್ಗಿಯ ಹಬ್ಬವನ್ನು ನೋಡಿದೆ. ಇದು ಈಗಿನ ರೂಪದಲ್ಲಿ ಮೋಶೆಯಿಂದ ಬಂದದ್ದಲ್ಲ. 1843ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಮೊರ್ವೆನ್‌ಸ್ಟೋ ಎಂಬ ಹಳ್ಳಿಯ ಪಾದ್ರಿ ರಾಬರ್ಟ್ ಹಾಕರ್ ಮಾಡಿದ ಆರಾಧನೆಯಿಂದ ಹರಡಿದ್ದು. ಹಾಗಿದ್ದರೂ ಕ್ರಿಸ್ಮಸ್‌ಗಿಂತ ಇದೇ ಯಾಜಕಕಾಂಡಕ್ಕೆ ಹತ್ತಿರ. ಮಾಲ್ದಂಡಿ ಜೋಳದ ಚೀಲ, ಶೇಂಗಾ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ ಎಲ್ಲವೂ ಪೀಠದ ಮುಂದೆ ಬರುತ್ತವೆ. ಹೊಲವಿಲ್ಲದ ನೇಕಾರರೊಬ್ಬರು ಒಂದು ವರ್ಷ ಮಗ್ಗದಿಂದ ಆಗಷ್ಟೇ ಇಳಿಸಿದ ಖಣವನ್ನು ತಂದಿಟ್ಟರು. ಅಂಚಿನ ರೇಷ್ಮೆಯ ನೂಲಿನ ತುದಿಗಳನ್ನು ಇನ್ನೂ ಕತ್ತರಿಸಿರಲಿಲ್ಲ. ಲಿಲಾವಿನಲ್ಲಿ ಹಿಡಿದವರು ಅದನ್ನು ಮತ್ತೆ ಸಭೆಗೇ ಕೊಟ್ಟರು, ಅದು ಮತ್ತೆ ಲಿಲಾವಿಗೆ ಬಂತು, ಹೀಗೆ ಮೂರು ಸಲ. ಪ್ರಥಮ ಫಲ ಎಂಬ ಮಾತು ನನಗೆ ತಿಳಿದದ್ದು ಅಂದು.

ಆದರೆ ಲಿಲಾವಿನ ಹಣ ಎಲ್ಲಿಗೆ ಹೋಗುತ್ತದೆ, ಕ್ರಿಸ್ಮಸ್ ರಾತ್ರಿಯ ಧ್ವನಿವರ್ಧಕಕ್ಕೆ ಎಷ್ಟು, ವಿಧವೆಯರ ಮನೆಗೆ ಎಷ್ಟು, ಹೊಸ ಬಟ್ಟೆಗಾಗಿ ಯಾರು ಸಾಲ ಮಾಡಿದರು, ಇದನ್ನು ಕೇಳುವುದು ಡಿಸೆಂಬರ್ 25 ಸರಿಯೋ ತಪ್ಪೋ ಎಂದು ಕೇಳುವುದಕ್ಕಿಂತ ಹೆಚ್ಚು ಬೈಬಲಿಗೆ ತಕ್ಕ ಪ್ರಶ್ನೆ.

ಪರ್ಣಶಾಲೆಗಳ ಹಬ್ಬವನ್ನು ಸಭೆ ತನ್ನೊಂದಿಗೆ ತರಲಿಲ್ಲ ಎಂದೆನಲ್ಲ, ಅದೊಂದು ನನಗೆ ಕೊರತೆಯಾಗಿ ಕಾಣುತ್ತದೆ. ನಿಮ್ಮ ಪೂರ್ವಿಕರು ಗುಡಿಸಲಲ್ಲಿ ಇದ್ದರೆಂದು ಮಕ್ಕಳಿಗೆ ತಿಳಿಯುವಂತೆ ಏಳು ದಿನ ಗುಡಿಸಲಲ್ಲಿ ಇರಿ ಎಂದು 42, 43ನೆಯ ವಚನಗಳು ಹೇಳುತ್ತವೆ. ಬೆಳೆ ಮನೆಗೆ ಬಂದು ಕಣಜ ತುಂಬಿದ ಹೊತ್ತಿಗೇ ಹೊರಗೆ ಮಲಗಬೇಕು. ಹಬ್ಬ ಮುಗಿದ ಸ್ವಲ್ಪ ದಿನಕ್ಕೆ ನಮ್ಮ ಜಿಲ್ಲೆಯಲ್ಲಿ ಕಬ್ಬಿನ ಕಾರ್ಖಾನೆಗಳು ಆರಂಭವಾಗುತ್ತವೆ. ಘಟಪ್ರಭೆಯ ಕಡೆ ಬಸ್ಸಿನಲ್ಲಿ ಹೋದರೆ ರಸ್ತೆಯ ಬದಿಗೆ ಕಬ್ಬು ಕಡಿಯುವ ಗ್ಯಾಂಗಿನವರ ಗುಡಿಸಲುಗಳು ಕಾಣುತ್ತವೆ: ನಾಲ್ಕು ಗಳ, ಮೇಲೆ ಕಬ್ಬಿನ ರವದಿ, ಬಾಗಿಲಿಗೆ ಒಂದು ಹಳೆಯ ಸೀರೆ, ಮುಂದೆ ಮೂರು ಕಲ್ಲಿನ ಒಲೆ. ಕ್ರಿಸ್ಮಸ್ ನಕ್ಷತ್ರಗಳು ನಮ್ಮ ಮನೆಗಳ ಮೇಲೆ ಬೆಳಗುವಾಗ ಆ ಕುಟುಂಬಗಳು ಅಲ್ಲಿಯೇ ಇರುತ್ತವೆ.

ಮುಂದಿನ ಗುರುವಾರಕ್ಕೆ ಧರ್ಮೋಪದೇಶಕಾಂಡ 16 ಓದಿಕೊಂಡು ಬನ್ನಿರಿ. 11 ಮತ್ತು 14ನೆಯ ವಚನಗಳಲ್ಲಿ ಹಬ್ಬಕ್ಕೆ ಯಾರು ಯಾರು ಬರಬೇಕೆಂದು ಹೆಸರಿಸಿದೆಯೋ ಅವರ ಕೆಳಗೆ ಗೆರೆ ಎಳೆಯಿರಿ. ಅಕ್ಕಾವರು ಆ ದಿನ ರೊಟ್ಟಿ ತರುವುದಾಗಿ ಹೇಳಿದ್ದಾರೆ.