ಟೌಪೊ ಸರೋವರದ ಕಾವಲು: ಪ್ರಾದೇಶಿಕ ಮಂಡಳಿ ಏನನ್ನು ತಡೆಯಬಲ್ಲದು?

ಓದುಗರ ಪ್ರಶ್ನೆ: ನನ್ನ ಮಗಳು ನ್ಯೂಜಿಲೆಂಡಿನ ಹ್ಯಾಮಿಲ್ಟನ್ ನಗರದಲ್ಲಿ ಮನೆ ಕೊಂಡಿದ್ದಾಳೆ. ನಗರಸಭೆಯ ತೆರಿಗೆಯಲ್ಲದೆ ಪ್ರಾದೇಶಿಕ ಮಂಡಳಿಗೂ ತೆರಿಗೆ ಕಟ್ಟಬೇಕಂತೆ, ಪರಿಸರ ಕಾಯುವುದೇ ಅದರ ಕೆಲಸವಂತೆ. ನೀರು, ಗಾಳಿ ಪರೀಕ್ಷಿಸಿ ವರದಿ ಬರೆಯುವುದನ್ನು ಬಿಟ್ಟು ಇಂಥ ಮಂಡಳಿ ನಿಜಕ್ಕೂ ಏನನ್ನಾದರೂ ತಡೆಯಬಲ್ಲದೇ?

ಉತ್ತರ: ತಡೆಯಬಲ್ಲದು. ಅದಕ್ಕೆ ಬೇಕಾದ ಅಧಿಕಾರ ಅದರ ರಚನೆಯಲ್ಲೇ ಇದೆ. 1989ರಲ್ಲಿ ನ್ಯೂಜಿಲೆಂಡ್ ತನ್ನ ಸ್ಥಳೀಯ ಆಡಳಿತವನ್ನು ಪುನರ್ರಚಿಸಿದಾಗ ಪ್ರಾದೇಶಿಕ ಮಂಡಳಿಗಳ ಗಡಿಯನ್ನು ಬಹುಮಟ್ಟಿಗೆ ನದಿಗಳ ಜಲಾನಯನ ಪ್ರದೇಶಕ್ಕೆ ಹೊಂದುವಂತೆ ಎಳೆಯಿತು. ಹೀಗಾಗಿ ಟೌಪೊ ಸರೋವರ, ಅಲ್ಲಿಂದ ಹೊರಟು ಹ್ಯಾಮಿಲ್ಟನ್ ನಗರದ ನಡುವೆ ಹರಿದು ಸಮುದ್ರ ಸೇರುವ ವೈಕಾಟೊ ನದಿ, ಎರಡೂ ಒಂದೇ ವೈಕಾಟೊ ಪ್ರಾದೇಶಿಕ ಮಂಡಳಿಯ ವ್ಯಾಪ್ತಿಗೆ ಬರುತ್ತವೆ. ಮೂರು ವರ್ಷಕ್ಕೊಮ್ಮೆ ಜನರಿಂದ ಆಯ್ಕೆಯಾಗುವ ಸದಸ್ಯರು ಈ ಮಂಡಳಿಯನ್ನು ನಡೆಸುತ್ತಾ ಬಂದಿದ್ದಾರೆ. ಸದಸ್ಯರ ಸ್ಥಾನದಲ್ಲಿ ಆಯಾ ಪ್ರದೇಶದ ಮೇಯರ್‌ಗಳನ್ನು ಕೂರಿಸುವ ಪ್ರಸ್ತಾವವನ್ನು ಅಲ್ಲಿನ ಸರ್ಕಾರ 2025ರ ಕೊನೆಯಲ್ಲಿ ಮುಂದಿಟ್ಟಿದೆ.

ಮಂಡಳಿಯ ಕೈಗೆ ಬಲ ಕೊಟ್ಟದ್ದು 1991ರ ಸಂಪನ್ಮೂಲ ನಿರ್ವಹಣಾ ಕಾಯ್ದೆ. ನಿಯಮದಲ್ಲಿ ಅವಕಾಶವಿಲ್ಲದಿದ್ದರೆ ಅಥವಾ ಮಂಡಳಿಯ ಅನುಮತಿ ಪತ್ರವಿಲ್ಲದಿದ್ದರೆ ಯಾರೂ ಮಲಿನ ವಸ್ತುವನ್ನು ನೀರಿಗೆ ಬಿಡುವಂತಿಲ್ಲ ಎಂಬುದು ಅದರ ಮೂಲ ನಿಲುವು. ಅನುಮತಿಯ ಅವಧಿ ಹೆಚ್ಚೆಂದರೆ 35 ವರ್ಷ. ನಗರಸಭೆಗೂ ಇದರಿಂದ ವಿನಾಯಿತಿಯಿಲ್ಲ: ಹ್ಯಾಮಿಲ್ಟನ್ನಿನ ಒಳಚರಂಡಿ ನೀರು ಶುದ್ಧೀಕರಣಗೊಂಡು ವೈಕಾಟೊ ನದಿ ಸೇರಬೇಕಾದರೂ ಪ್ರಾದೇಶಿಕ ಮಂಡಳಿಯ ಅನುಮತಿ ಬೇಕು. ಪರಿಸರದ ಸ್ಥಿತಿಯ ಮೇಲೆ ನಿರಂತರ ನಿಗಾ ಇಡುವುದು ಮಂಡಳಿಯ ಕರ್ತವ್ಯವೆಂದು ಇದೇ ಕಾಯ್ದೆಯ 35ನೇ ವಿಧಿ ಹೇಳುತ್ತದೆ. ಅಳೆಯುವವರಿಗೇ ಮಿತಿ ಹಾಕುವ ಅಧಿಕಾರವೂ ಇರುವುದು ಈ ವ್ಯವಸ್ಥೆಯ ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ. ಇದು ನಡೆಯುವ ಬಗೆಯನ್ನು ತಿಳಿಯಲು ಟೌಪೊ ಸರೋವರಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸುಮಾರು 616 ಚದರ ಕಿಲೋಮೀಟರ್ ಹರಡಿಕೊಂಡಿರುವ ಟೌಪೊ ಆ ದೇಶದ ಅತಿ ದೊಡ್ಡ ಸರೋವರ. ಸಾರಜನಕದ ಕೊರತೆಯಿಂದಾಗಿಯೇ ಅಲ್ಲಿ ಪಾಚಿ ಹೆಚ್ಚು ಬೆಳೆಯದೆ ನೀರು ತಿಳಿಯಾಗಿ ಉಳಿದಿದೆ. ಸುತ್ತಲಿನ ಇಳಿಜಾರುಗಳಲ್ಲಿ ಹುಲ್ಲುಗಾವಲು ಹೆಚ್ಚಿದಂತೆ ಆ ಕೊರತೆ ನೀಗತೊಡಗಿತು. ಹಸು ಮೂತ್ರ ಮಾಡಿದ ಒಂದು ಚಿಕ್ಕ ಜಾಗದಲ್ಲಿ ಬೀಳುವ ಸಾರಜನಕವೆಲ್ಲವನ್ನೂ ಅಲ್ಲಿನ ಹುಲ್ಲು ಹೀರಿಕೊಳ್ಳಲಾರದು. ಮಿಕ್ಕದ್ದು ನೈಟ್ರೇಟ್ ಆಗಿ ಮಳೆನೀರಿನೊಡನೆ ಹಗುರವಾದ ಜ್ವಾಲಾಮುಖಿ ಮಣ್ಣಿನಲ್ಲಿ ಇಳಿದು ಅಂತರ್ಜಲ ಸೇರುತ್ತದೆ. ಆ ನೀರು ಸರೋವರ ತಲುಪಲು ದಶಕಗಳೇ ಹಿಡಿಯುವುದುಂಟು. ನೀರಿನಲ್ಲಿರುವ ಟ್ರಿಟಿಯಂ ಎಂಬ ವಿಕಿರಣಶೀಲ ಜಲಜನಕದ ಪ್ರಮಾಣದಿಂದ ವಿಜ್ಞಾನಿಗಳು ಅದರ ವಯಸ್ಸನ್ನು ಅಂದಾಜು ಮಾಡಿದ್ದಾರೆ. ಅಂದರೆ ಈ ಹೊತ್ತು ತೊರೆಗಳಲ್ಲಿ ಸಿಗುವ ಸಾರಜನಕದ ಒಂದು ಪಾಲು ಹಿಂದಿನ ತಲೆಮಾರಿನ ಬೇಸಾಯದ್ದು, ಇಂದಿನ ಬೇಸಾಯದ್ದು ಇನ್ನೂ ದಾರಿಯಲ್ಲಿದೆ. ಸರೋವರ ಕಣ್ಣಿಗೆ ಕಾಣುವಂತೆ ಕೆಟ್ಟ ಮೇಲೆ ಕ್ರಮ ಕೈಗೊಂಡರೆ ಆಗಲೇ ಮಣ್ಣಿಗಿಳಿದದ್ದನ್ನು ಹಿಂದಕ್ಕೆ ಪಡೆಯಲಾಗದು.

ಆದುದರಿಂದ ಅಲ್ಲಿನ ಅಳತೆಯೆಲ್ಲ ಸಣ್ಣ ಬದಲಾವಣೆಯನ್ನು ಬೇಗ ಹಿಡಿಯುವುದಕ್ಕಾಗಿ. ಮಂಡಳಿಯ ಪರವಾಗಿ ವಿಜ್ಞಾನಿಗಳು 1994ರಿಂದ ಸರೋವರದ ನಡುವೆ ಗೊತ್ತಾದ ಜಾಗಕ್ಕೆ ದೋಣಿಯಲ್ಲಿ ಹೋಗಿ ಮಾದರಿ ತೆಗೆಯುತ್ತಾ ಬಂದಿದ್ದಾರೆ. ಅವರು ಬಳಸುವ ಸೆಕ್ಕಿ ತಟ್ಟೆ ಬಹಳ ಸರಳವಾದ ಸಾಧನ: ದುಂಡನೆಯ ತಟ್ಟೆಯನ್ನು ಗುರುತು ಮಾಡಿದ ಹಗ್ಗದಲ್ಲಿ ನೀರಿಗಿಳಿಸಿ, ಅದು ಕಣ್ಣಿಗೆ ಮರೆಯಾದ ಆಳವನ್ನು ಬರೆದುಕೊಳ್ಳುತ್ತಾರೆ. ಇದರ ಜೊತೆಗೆ ಬೇರೆ ಬೇರೆ ಆಳಗಳಲ್ಲಿ ಉಷ್ಣತೆ, ಕರಗಿದ ಆಮ್ಲಜನಕ, ಸಾರಜನಕ, ರಂಜಕ ಹಾಗೂ ಪಾಚಿಯ ಪ್ರಮಾಣವನ್ನು ತೋರುವ ಕ್ಲೋರೊಫಿಲ್ ಅಳೆಯುತ್ತಾರೆ. ಒಂದು ದಿನದ ಅಂಕಿಯಿಂದ ಏನೂ ತಿಳಿಯದು. ಒಂದೇ ಜಾಗ, ಒಂದೇ ವಿಧಾನ, ದಶಕಗಳ ಸಾಲು, ಇವು ಮೂರೂ ಕೂಡಿದಾಗ ಮಾತ್ರ ಹವಾಮಾನದ ಏರಿಳಿತವನ್ನು ಬದಿಗಿಟ್ಟು ನಿಜವಾದ ಬದಲಾವಣೆಯನ್ನು ಕಾಣಲು ಸಾಧ್ಯ.

ಈ ಪುರಾವೆಯ ಬಲದಿಂದ ಮಂಡಳಿಯು 2005ರಲ್ಲಿ ಪ್ರಕಟಿಸಿದ ನಿಯಮಗಳು ಪರಿಸರ ನ್ಯಾಯಾಲಯವನ್ನು ಹಾದು 2011ರಲ್ಲಿ ಜಾರಿಗೆ ಬಂದವು. 2001ರಿಂದ 2005ರ ನಡುವೆ ತನ್ನ ಜಮೀನಿನಿಂದ ಅತಿ ಹೆಚ್ಚು ಸಾರಜನಕ ಸೋರಿದ ವರ್ಷದ ಅಂದಾಜೇ ಪ್ರತಿ ರೈತನ ಮಿತಿಯಾಯಿತು. ಹಸು ಹೆಚ್ಚಿಸಬೇಕೆಂದರೆ ಮಿತಿಯ ಪಾಲು ಮಾರಲು ಸಿದ್ಧನಿರುವ ಇನ್ನೊಬ್ಬ ರೈತನಿಂದ ಅದನ್ನು ಕೊಳ್ಳಬೇಕು. ಮಾನವ ಚಟುವಟಿಕೆಯಿಂದ ಬರುವ, ನಿಯಂತ್ರಿಸಬಹುದಾದ ಸಾರಜನಕದಲ್ಲಿ ಶೇ. 20ರಷ್ಟನ್ನು ತಗ್ಗಿಸಲು ಕೇಂದ್ರ ಸರ್ಕಾರ, ಪ್ರಾದೇಶಿಕ ಮಂಡಳಿ ಮತ್ತು ಟೌಪೊ ಜಿಲ್ಲಾ ಮಂಡಳಿ ಸೇರಿ ಸುಮಾರು 8 ಕೋಟಿ ಡಾಲರಿನ ನಿಧಿ ಸ್ಥಾಪಿಸಿದವು. ರೈತರಿಂದ ಈ ಪಾಲುಗಳನ್ನು ಶಾಶ್ವತವಾಗಿ ಕೊಂಡ ಆ ನಿಧಿ 2015ರ ವೇಳೆಗೆ ಗುರಿ ಮುಟ್ಟಿತು. ಸರೋವರದ ನೀರು 2080ರ ಹೊತ್ತಿಗೆ 2001ರ ಸ್ಥಿತಿಗೆ ಮರಳಬೇಕೆಂಬುದು ಇಡೀ ಯೋಜನೆಯ ಗುರಿ. ತಮ್ಮ ತೆರಿಗೆಯ ಫಲವನ್ನು ತಾವೇ ನೋಡಲಾರದಷ್ಟು ದೂರದ ಗುರಿಗೆ ಜನ ಒಪ್ಪಿದ್ದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇದರಲ್ಲಿ ಕೊರತೆಗಳೂ ಇವೆ. ಮೊದಲೇ ಹೆಚ್ಚು ಸಾರಜನಕ ಸೋರಿಸಿದವರಿಗೆ ದೊಡ್ಡ ಮಿತಿ ಸಿಕ್ಕಿತು. ಕಾಡನ್ನು, ಸಾಗುವಳಿಯಾಗದ ನೆಲವನ್ನು ಉಳಿಸಿಕೊಂಡಿದ್ದ ತೂಫರೆತೋವ ಎಂಬ ಮೂಲನಿವಾಸಿ ಮಾವೊರಿ ಬುಡಕಟ್ಟಿನವರ ಭೂಮಿಗೆ ತೀರಾ ಕಡಿಮೆ. ಇದು ಅನ್ಯಾಯವೆಂಬ ಅವರ ವಾದದಲ್ಲಿ ಹುರುಳಿದೆ. ಇನ್ನೊಂದು, ಹೊಲದಿಂದ ಸೋರುವ ಸಾರಜನಕವನ್ನು ನೇರವಾಗಿ ಅಳೆಯಲಾಗದೆ ದನಗಳ ಸಂಖ್ಯೆ, ಗೊಬ್ಬರ, ಮಳೆ, ಮಣ್ಣಿನ ವಿವರಗಳಿಂದ ಓವರ್‌ಸೀರ್ ಎಂಬ ಕಂಪ್ಯೂಟರ್ ಮಾದರಿ ಅಂದಾಜಿಸುತ್ತದೆ. ಸರ್ಕಾರ ನೇಮಿಸಿದ ತಜ್ಞರು 2021ರಲ್ಲಿ ಆ ಮಾದರಿಯ ವಿಶ್ವಾಸಾರ್ಹತೆಯನ್ನೇ ಪ್ರಶ್ನಿಸಿದರು. ಸರೋವರದಲ್ಲಿ ಸಿಗುವ ಅಳತೆಗೂ ಜಮೀನಿನ ಅಂದಾಜಿಗೂ ನಡುವಿನ ಈ ಅಂತರ ಇಂದಿಗೂ ದುರ್ಬಲ ಕೊಂಡಿ.

ನಿಯಮ ಮುರಿದವರಿಗೆ ಮೊದಲು ತಡೆ ನೋಟಿಸು, ನಂತರ ದಂಡ, ಗಂಭೀರ ಪ್ರಕರಣಗಳಲ್ಲಿ ನ್ಯಾಯಾಲಯದಲ್ಲಿ ಮೊಕದ್ದಮೆ. ಹೈನುಗಾರಿಕೆಯ ತ್ಯಾಜ್ಯದ ಹೊಂಡ ತುಂಬಿ ತೊರೆಗೆ ಹರಿದಂಥ ಪ್ರಕರಣಗಳೂ ಇವುಗಳಲ್ಲಿ ಸೇರುತ್ತವೆ.

ನಿಮ್ಮ ಮಗಳಿಗೆ ಇದರಿಂದ ನೇರ ಉಪಯೋಗವೂ ಇದೆ. ಎಲ್ಲ ಪ್ರಾದೇಶಿಕ ಮಂಡಳಿಗಳ ಅಳತೆಗಳನ್ನು ಒಟ್ಟುಗೂಡಿಸುವ ಲಾವಾ (LAWA) ಎಂಬ ಜಾಲತಾಣದಲ್ಲಿ ಬೇಸಿಗೆಯಲ್ಲಿ ಈಜುವ ತಾಣಗಳ ಪರೀಕ್ಷಾ ಫಲಿತಾಂಶ ಸಿಗುತ್ತದೆ. 100 ಮಿಲಿಲೀಟರ್ ನದಿನೀರಿನಲ್ಲಿ ಇ-ಕೊಲೈ ಬ್ಯಾಕ್ಟೀರಿಯಾ 540 ದಾಟಿದ್ದರೆ ಮಕ್ಕಳನ್ನು ನೀರಿಗಿಳಿಸಬಾರದು. ಮಂಡಳಿ ತನ್ನ ನೀರಿನ ನಿಯಮಗಳನ್ನು ಬದಲಿಸಲು ಹೊರಟಾಗ ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯ ಕೇಳುತ್ತದೆ. 1991ರ ಕಾಯ್ದೆಯಡಿ ಅದನ್ನು ಸಲ್ಲಿಸಲು ಅಲ್ಲಿನ ಪೌರತ್ವ ಇರಲೇಬೇಕೆಂದಿಲ್ಲ.