ಫೈಲ್ ಇಲ್ಲ ಅಂದ್ರೆ ಪ್ರೋಗ್ರಾಮ್ ಏನು ಮಾಡಬೇಕು? ಐವತ್ತು ವರ್ಷಗಳ ಹಿನ್ನೆಲೆ

ಮಂಡ್ಯ ಜಿಲ್ಲೆಯ ಹಳ್ಳಿಗಳ ಹಾಲಿನ ಡೇರಿಗಳಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಲು ಅಳೆಯುತ್ತಾರೆ. ಈಗ ಎಷ್ಟೋ ಕಡೆ ಅಳತೆ, ಫ್ಯಾಟು ಎಲ್ಲ ಕಂಪ್ಯೂಟರಿಗೇ ಹೋಗುತ್ತದೆ. ಹೊತ್ತಿಗೊಂದು ಫೈಲ್ ಓದಿ ಬಿಲ್ ಮಾಡುವ ಒಂದು ಪ್ರೋಗ್ರಾಮ್ ಇದೆ ಅಂದುಕೊಳ್ಳಿ. ಬುಧವಾರ ಸಂಜೆಯ ಫೈಲ್ ಬಂದಿಲ್ಲ. ಆಗ ಅದು ಏನು ಮಾಡಬೇಕು?

ಕೆಲಸ ನಿಲ್ಲಿಸಿ ಹೇಳಬಹುದು. ಫೈಲ್ ಬರುವವರೆಗೆ ಕಾಯಬಹುದು. ಇಲ್ಲವೇ ಫೈಲ್ ಇಲ್ಲ, ಹಾಗಾದರೆ ಹಾಲೂ ಇಲ್ಲ ಅಂತ ಸೊನ್ನೆ ಹಾಕಿ ಮುಂದೆ ಹೋಗಬಹುದು. ಅಪಾಯ ಇರುವುದು ಈ ಕೊನೆಯದರಲ್ಲಿ. ಹಸು ಸಾಕಿ ಹಾಲು ಹಾಕಿದವರಿಗೆ ಒಂದು ಹೊತ್ತಿನ ದುಡ್ಡು ಹೋಗುತ್ತದೆ. ಪರದೆಯ ಮೇಲೆ ಮಾತ್ರ ಎಲ್ಲ ಸರಿಯಾಗಿದೆ ಅನ್ನುವಂತೆ ಕಾಣುತ್ತದೆ.

ಫೈಲ್ ಇಲ್ಲದಿರುವುದು ಬೇರೆ, ಫೈಲ್ ಖಾಲಿ ಇರುವುದು ಬೇರೆ, ಫೈಲ್ ಇದ್ದೂ ಓದಲು ಅನುಮತಿ ಇಲ್ಲದಿರುವುದು ಬೇರೆ. ಹೇಳೋಕೆ ಎಷ್ಟು ಸುಲಭ ಅಲ್ವಾ? ಆದರೆ ಈ ವ್ಯತ್ಯಾಸವನ್ನು ನೇರವಾಗಿ ಬರೆಯಲು ಬಿಡುವ ಭಾಷೆಗಳು ಬರುವುದಕ್ಕೆ ದಶಕಗಳೇ ಬೇಕಾದವು.

ಯೂನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ನಿಂದ ಶುರು ಮಾಡೋಣ. 1975ರಲ್ಲಿ ಬಂದ ಅದರ ಆರನೇ ಆವೃತ್ತಿಯ ಕರ್ನಲ್‌ನಲ್ಲೇ, ಅಂದರೆ ಸಿಸ್ಟಮ್‌ನ ತಿರುಳಿನಲ್ಲೇ, ತಪ್ಪುಗಳಿಗೆ ನಂಬರ್ ಕೊಟ್ಟಿದ್ದರು. ಫೈಲ್ ಇಲ್ಲ ಅನ್ನುವುದಕ್ಕೆ ಸಿಕ್ಕ ನಂಬರ್ 2. ಇವತ್ತಿನ ಲಿನಕ್ಸ್‌ನಲ್ಲೂ, ಮ್ಯಾಕ್‌ನಲ್ಲೂ ಅದೇ 2. ನಾವು ದಿನವೂ ನೋಡುವ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅನ್ನುವುದು ಆ ನಂಬರಿನ ವಿವರಣೆ. ಫೈಲ್ ಇಲ್ಲದಿದ್ದರೂ ಅದೇ ಸಂದೇಶ, ದಾರಿಯ ನಡುವಿನ ಒಂದು ಫೋಲ್ಡರ್ ಇಲ್ಲದಿದ್ದರೂ ಅದೇ ಸಂದೇಶ. ಡಾಸ್ ಮತ್ತು ವಿಂಡೋಸ್ ಇವೆರಡನ್ನು ಬೇರೆ ಮಾಡಿದವು. ಅಲ್ಲಿ ಫೈಲ್ ಇಲ್ಲದಿದ್ದರೆ 2, ದಾರಿಯೇ ಇಲ್ಲದಿದ್ದರೆ 3.

ಸಿ ಭಾಷೆಯಲ್ಲಿ ಫೈಲ್ ತೆರೆಯುವ ಎಫ್‌ಓಪನ್ ಕರೆದಾಗ ಫೈಲ್ ಸಿಗದಿದ್ದರೆ ನಲ್ ಪಾಯಿಂಟರ್, ಅಂದರೆ ಎಲ್ಲಿಗೂ ತೋರಿಸದ ಖಾಲಿ ವಿಳಾಸ, ವಾಪಸ್ ಬರುತ್ತದೆ. ಯಾಕೆ ಸಿಗಲಿಲ್ಲ ಅನ್ನುವುದನ್ನು ಎರ್‌ನೋ ಎಂಬ ಬೇರೆ ಜಾಗದಲ್ಲಿ ಹುಡುಕಬೇಕು. 1989ರ ಸಿ ಸ್ಟ್ಯಾಂಡರ್ಡ್ ಈ ಎರ್‌ನೋಗೆ ಹೆಸರಿಟ್ಟು ಕೊಟ್ಟಿದ್ದು ಎರಡೇ ತಪ್ಪುಗಳನ್ನು. ಎರಡೂ ಗಣಿತಕ್ಕೆ ಸೇರಿದವು. ಫೈಲ್ ಇಲ್ಲ ಅನ್ನುವುದು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಅದನ್ನು ಹೇಳಿದ್ದು ಯೂನಿಕ್ಸ್ ಥರದ ಸಿಸ್ಟಮ್‌ಗಳಿಗೆ ಬಂದ 1988ರ ಪಾಸಿಕ್ಸ್ ಸ್ಟ್ಯಾಂಡರ್ಡ್.

ಇದರ ದೊಡ್ಡ ತೊಂದರೆ ಅಂದರೆ, ನಲ್ ಬಂದಿದೆಯಾ ಅಂತ ನೋಡದಿದ್ದರೂ ಭಾಷೆ ಸುಮ್ನೆ ಇರುತ್ತದೆ. ಪ್ರೋಗ್ರಾಮ್ ಮುಂದಿನ ಸಾಲಿಗೆ ಹೋಗುತ್ತದೆ, ಫೈಲಿನಿಂದ ಓದಲು ಹೋದಾಗ ಸೆಗ್ಮೆಂಟೇಶನ್ ಫಾಲ್ಟ್ ಅಂತ ಬಿದ್ದುಹೋಗುತ್ತದೆ. ಮೈಸೂರಿನ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಸಿ ಕಲಿಯುವ ಮಕ್ಕಳು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ತಪ್ಪು ಆದದ್ದು ಒಂದು ಕಡೆ, ಕಂಡದ್ದು ಇನ್ನೊಂದು ಕಡೆ. ಕಾರಣ ನೋಡಿದರೆ ಎಷ್ಟೋ ಸಲ ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ 'ಟಿಎಕ್ಸ್‌ಟಿ' ಅನ್ನುವ ಬಾಲ ಎರಡು ಸಲ ಸೇರಿರುತ್ತದೆ. ವಿಂಡೋಸ್ ಆ ಬಾಲವನ್ನು ಮರೆಮಾಡಿ ತೋರಿಸುವುದರಿಂದ ಪಾಪ, ಆ ಮಗುವಿಗೆ ಕಾಣೋದೇ ಇಲ್ಲ.

ತಪ್ಪನ್ನು ಹಿಡಿಯಲು ಬೇರೆಯೇ ದಾರಿ ಬೇಕು ಅನ್ನುವ ಯೋಚನೆ ಸಿ ಭಾಷೆಗಿಂತ ಹಳೆಯದು. 1960ರ ದಶಕದ ಪಿಎಲ್/ಒನ್ ಭಾಷೆಯಲ್ಲಿ ಫೈಲ್ ತೆರೆಯಲಾಗದಿದ್ದರೆ ಓಡುವ ತುಣುಕನ್ನು ಮೊದಲೇ ಬರೆದಿಡಬಹುದಿತ್ತು. 1970ರ ದಶಕದಲ್ಲಿ ಎಂಐಟಿಯ ಬಾರ್ಬರಾ ಲಿಸ್ಕೋವ್ ಮತ್ತು ಅವರ ತಂಡ ಕ್ಲೂ ಎಂಬ ಭಾಷೆಯಲ್ಲಿ ಎಕ್ಸೆಪ್ಶನ್, ಅಂದರೆ ತಪ್ಪಾದಾಗ ಮಾಮೂಲು ಕೆಲಸ ಬಿಟ್ಟು ಅದನ್ನು ಹಿಡಿಯುವ ಕೋಡಿಗೆ ಹೋಗುವ ಪದ್ಧತಿಗೆ ಗಟ್ಟಿ ರೂಪ ಕೊಟ್ಟರು. 1983ರ ಏಡಾ ಭಾಷೆಯಲ್ಲಿ ಫೈಲ್ ಸಿಗದಿದ್ದರೆ ನೇಮ್ ಎರರ್ ಎಂಬ ಎಕ್ಸೆಪ್ಶನ್ ಏಳುತ್ತಿತ್ತು. ಇದರ ಗುಣ ಏನೆಂದರೆ, ಯಾರೂ ಹಿಡಿಯದಿದ್ದರೆ ಪ್ರೋಗ್ರಾಮ್ ನಿಲ್ಲುತ್ತದೆ. ಡೇರಿಯ ಬಿಲ್ಲಿನಲ್ಲಿ ಸೊನ್ನೆ ಬೀಳುವ ಬದಲು ಬಿಲ್ಲೇ ಬರುವುದಿಲ್ಲ, ಯಾರಾದರೂ ಬಂದು ನೋಡುತ್ತಾರೆ.

1996ರಲ್ಲಿ ಬಂದ ಜಾವಾ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಫೈಲ್‌ನಾಟ್‌ಫೌಂಡ್‌ಎಕ್ಸೆಪ್ಶನ್ ಅನ್ನು ಹಿಡಿಯಬೇಕು, ಇಲ್ಲವೇ ಮೇಲಕ್ಕೆ ಕಳಿಸುತ್ತೇನೆ ಅಂತ ಬರೆದು ಹೇಳಬೇಕು. ಎರಡೂ ಮಾಡದಿದ್ದರೆ ಪ್ರೋಗ್ರಾಮ್ ಕಂಪೈಲೇ ಆಗದು, ಅಂದರೆ ಓಡುವ ರೂಪಕ್ಕೇ ಬರದು. ಉದ್ದೇಶ ಒಳ್ಳೆಯದೇ. ಆದರೆ ಕಂಪೈಲರ್ ಬಾಯಿ ಮುಚ್ಚಿದರೆ ಸಾಕು ಅಂತ ಬಹಳ ಜನ ಖಾಲಿ ಕ್ಯಾಚ್ ಬರೆಯತೊಡಗಿದರು. ತಪ್ಪನ್ನು ಹಿಡಿದು, ಏನೂ ಮಾಡದೆ, ಮುಂದೆ ಹೋಗುವುದು. ನನ್ನ ಪ್ರಕಾರ ಇದು ಸಿ ಭಾಷೆಯ ಮೌನಕ್ಕಿಂತ ಕೆಟ್ಟದ್ದು. ಅಲ್ಲಿ ಪ್ರೋಗ್ರಾಮ್ ಬಿದ್ದಾದರೂ ಹೋಗುತ್ತಿತ್ತು.

ಜಾವಾದಲ್ಲಿ ಇನ್ನೊಂದು ಕೊರತೆಯೂ ಇತ್ತು. ಫೈಲ್ ಇದ್ದು, ಓದಲು ಅನುಮತಿ ಇಲ್ಲದಿದ್ದರೂ ಬರುತ್ತಿದ್ದದ್ದು ಅದೇ ಎಕ್ಸೆಪ್ಶನ್. ಕೊಟ್ಟ ಹೆಸರು ಫೈಲಿನದ್ದಲ್ಲ, ಫೋಲ್ಡರಿನದ್ದು ಅಂದರೂ ಅದೇ. 2011ರ ಜಾವಾ 7ರಲ್ಲಿ ಹೊಸ ಫೈಲ್ ಲೈಬ್ರರಿ ಬಂದ ಮೇಲೆ ಇಲ್ಲದ ಫೈಲಿಗೆ ಒಂದು, ಅನುಮತಿ ಇಲ್ಲದ್ದಕ್ಕೆ ಇನ್ನೊಂದು ಅಂತ ಬೇರೆಯಾದವು.

ಪೈಥಾನ್ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಈಗ ಜಾಸ್ತಿ ಜನ ಮೊದಲು ಕಲಿಯುವುದು ಅದನ್ನೇ. ಹಳೆಯ ಪೈಥಾನ್‌ನಲ್ಲಿ ಇಲ್ಲದ ಫೈಲನ್ನು ತೆರೆದರೆ ಐಒಎರರ್, ಇಲ್ಲದ ಫೈಲನ್ನು ಅಳಿಸಲು ಹೋದರೆ ಒಎಸ್‌ಎರರ್. ಕಾರಣ ಒಂದೇ, ಹೆಸರು ಎರಡು. ಅಷ್ಟೇ ಅಲ್ಲ, ಆ ಐಒಎರರ್‌ನಲ್ಲಿ ಡಿಸ್ಕ್ ತೊಂದರೆಯೂ ಇರಬಹುದು, ಅನುಮತಿಯ ತೊಂದರೆಯೂ ಇರಬಹುದು. ಹಾಗಾಗಿ ಸರಿಯಾಗಿ ಬರೆಯುವವರು ಅದನ್ನು ಹಿಡಿದು, ಒಳಗಿನ ನಂಬರ್ ತೆಗೆದು, ಅದೇ ಹಳೆಯ 2 ಹೌದಾ ಅಂತ ನೋಡಿ, ಅಲ್ಲದಿದ್ದರೆ ಮತ್ತೆ ಮೇಲಕ್ಕೆ ಎಸೆಯಬೇಕಿತ್ತು. ಅಷ್ಟು ತಾಳ್ಮೆ ಎಷ್ಟು ಜನಕ್ಕೆ ಇರುತ್ತದೆ? ಎಲ್ಲವನ್ನೂ ಒಟ್ಟಿಗೆ ನುಂಗುವ ಕೋಡೇ ಹೆಚ್ಚಾಗಿ ಬರುತ್ತಿತ್ತು.

2010ರಲ್ಲಿ ಪೈಥಾನ್ ಡೆವಲಪರ್ ಆಂಟ್ವಾನ್ ಪಿತ್ರೂ ಇದನ್ನು ಸರಿಮಾಡುವ ಪ್ರಸ್ತಾವ ಬರೆದರು. ಪೈಥಾನ್ ಪ್ರಸ್ತಾವಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಪೆಪ್ 3151. ಚದುರಿಹೋಗಿದ್ದ ಹೆಸರುಗಳನ್ನೆಲ್ಲ ಒಎಸ್‌ಎರರ್ ಅಡಿಗೆ ತಂದು, ಅದರ ಕೆಳಗೆ ಒಂದೊಂದು ಕಾರಣಕ್ಕೆ ಒಂದೊಂದು ಹೆಸರು ಇಟ್ಟರು. 2012ರ ಸೆಪ್ಟೆಂಬರ್‌ನ ಪೈಥಾನ್ 3.3ರಲ್ಲಿ ಫೈಲ್‌ನಾಟ್‌ಫೌಂಡ್‌ಎರರ್ ಬಂದಿದ್ದು ಹೀಗೆ. ಅನುಮತಿಗೆ ಪರ್ಮಿಶನ್‌ಎರರ್, ಫೋಲ್ಡರಿಗೆ ಇಸ್‌ಎಡೈರೆಕ್ಟರಿಎರರ್. ಇಲ್ಲದ ಫೈಲನ್ನು ಮಾತ್ರ ಹಿಡಿಯುತ್ತೇನೆ, ಉಳಿದದ್ದು ಪ್ರೋಗ್ರಾಮನ್ನು ನಿಲ್ಲಿಸಲಿ ಅಂತ ಒಂದೇ ಸಾಲಿನಲ್ಲಿ ಹೇಳಬಹುದಾಯಿತು. ಡೇರಿಯ ಪ್ರೋಗ್ರಾಮಿಗೆ ಬೇಕಿದ್ದದ್ದು ಇದೇ.

ಇಲ್ಲಿ ಒಬ್ಬರಿಗೆ ಅನ್ನಿಸಬಹುದು: ತೆರೆಯುವ ಮೊದಲೇ ಫೈಲ್ ಇದೆಯಾ ಅಂತ ಕೇಳಿಬಿಟ್ಟರೆ ಆಯ್ತಲ್ಲ? ತುಂಬ ಪುಸ್ತಕಗಳು ಹಾಗೇ ಕಲಿಸುತ್ತವೆ. ಆದರೆ ಕೇಳುವುದಕ್ಕೂ ತೆರೆಯುವುದಕ್ಕೂ ನಡುವೆ ಸ್ವಲ್ಪ ಹೊತ್ತು ಇರುತ್ತದೆ. ಸಾಹೇಬ್ರು ಇದ್ದಾರಾ ಅಂತ ಫೋನಿನಲ್ಲಿ ಕೇಳಿ ಮಂಡ್ಯದಲ್ಲಿ ಬಸ್ ಹತ್ತಿದರೂ, ಮೈಸೂರು ತಲುಪುವಷ್ಟರಲ್ಲಿ ಅವರು ಎದ್ದು ಹೋಗಿರಬಹುದು. ಆ ಗ್ಯಾಪಿನಲ್ಲಿ ಇನ್ನೊಂದು ಪ್ರೋಗ್ರಾಮ್ ಫೈಲನ್ನು ಅಳಿಸಬಹುದು. ಬೇಕೆಂದೇ ಬದಲಾಯಿಸಿ ಮೋಸವನ್ನೂ ಮಾಡಬಹುದು. ಹೀಗಾಗಿ ನೇರವಾಗಿ ತೆರೆಯಲು ಹೋಗಿ, ಸಿಗದಿದ್ದರೆ ನೋಡಿಕೊಳ್ಳುವುದೇ ಸರಿ. ಪೈಥಾನ್ ಬರೆಯುವವರ ರೂಢಿಯೂ ಇದೇ.

ಮುಂದೆ ಬಂದ ಎರಡು ಭಾಷೆಗಳು ಎಕ್ಸೆಪ್ಶನ್ ದಾರಿಯನ್ನೇ ಬಿಟ್ಟವು. 2012ರಲ್ಲಿ ಮೊದಲ ಆವೃತ್ತಿ ಕಂಡ ಗೋ, ಫೈಲನ್ನೂ ತಪ್ಪನ್ನೂ ಜೊತೆಗೇ ವಾಪಸ್ ಕೊಡುತ್ತದೆ. 2015ರ ರಸ್ಟ್‌ನಲ್ಲಿ ಸಿಗುವುದು ರಿಸಲ್ಟ್ ಎಂಬ ಒಂದೇ ಪೊಟ್ಟಣ. ಒಳಗೆ ಫೈಲ್ ಇರುತ್ತದೆ, ಇಲ್ಲವೇ ತಪ್ಪು ಇರುತ್ತದೆ. ಬಿಚ್ಚಿ ನೋಡದೆ ಫೈಲನ್ನು ಬಳಸುವುದಕ್ಕೇ ಆಗುವುದಿಲ್ಲ. ಸಿ ಭಾಷೆಯ ಹಳೆಯ ನೋವಿಗೆ ನೇರವಾದ ಮದ್ದು ಅಂದರೆ ಇದೇ ಅಂತ ನನಗೆ ಅನ್ನಿಸುತ್ತದೆ.

ಇಷ್ಟಾದರೂ ಯಾವ ಭಾಷೆಯೂ ತಾನಾಗಿ ಬಿಡಿಸದ ಒಂದು ಗಂಟು ಇದೆ, ಅದು ನಮ್ಮ ಕನ್ನಡಕ್ಕೇ ಸೇರಿದ್ದು. ಹಳೆಯ ಮ್ಯಾಕ್‌ನಲ್ಲಿ ಕನ್ನಡ ಹೆಸರಿನ ಎರಡು ಫೈಲ್ ಮಾಡಿ, ಒಂದಕ್ಕೆ 'ಮಂಡ್ಯ', ಇನ್ನೊಂದಕ್ಕೆ 'ಮೈಸೂರು' ಅಂತ ಹೆಸರಿಡಿ. ಎರಡನ್ನೂ ಲಿನಕ್ಸ್ ಯಂತ್ರಕ್ಕೆ ಹಾಗೇ ಕಳಿಸಿ. ಅಲ್ಲಿ ಕೀಬೋರ್ಡಿನಲ್ಲಿ ಹೆಸರು ಟೈಪ್ ಮಾಡಿ ತೆರೆಯಲು ಹೋದರೆ ಮಂಡ್ಯ ತೆರೆದುಕೊಳ್ಳುತ್ತದೆ, ಮೈಸೂರು ಇಲ್ಲ ಅನ್ನುತ್ತದೆ. ಪಟ್ಟಿಯಲ್ಲಿ ಕಣ್ಣೆದುರಿಗೇ ಇರುತ್ತದೆ, ಆದರೂ ಅದೇ ನಂಬರ್ 2.

ಕಾರಣ ಐತ್ವದಲ್ಲಿದೆ, ಅಂದರೆ 'ಮೈ'ಯಲ್ಲಿರುವ ಐ ಸ್ವರದ ಗುರುತಿನಲ್ಲಿ. ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ತುಂಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಎಂಬ ಫೈಲ್ ವ್ಯವಸ್ಥೆ ಹೆಸರನ್ನು ಒಡೆದು ಇಡುತ್ತಿತ್ತು. ನಾವು ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿದ ರೂಪದಲ್ಲಿರುತ್ತದೆ. ಲಿನಕ್ಸ್ ಮಾಮೂಲಾಗಿ ಬೈಟ್‌ಗಳನ್ನಷ್ಟೇ ಹೋಲಿಸುತ್ತದೆ, ಅದಕ್ಕೆ ಇವು ಎರಡು ಬೇರೆ ಹೆಸರು. ಮಂಡ್ಯದಲ್ಲಿ ಒಡೆಯುವಂಥ ಅಕ್ಷರ ಇಲ್ಲ. ಈ, ಏ, ಓ ಸ್ವರಗಳ ಗುರುತುಗಳೂ ಹೀಗೇ ಒಡೆಯುವುದರಿಂದ ಶ್ರೀರಂಗಪಟ್ಟಣ, ಮೇಲುಕೋಟೆ, ಕೆ.ಆರ್.ಪೇಟೆಗೆ ಮೈಸೂರಿನದೇ ತೊಂದರೆ. ಮದ್ದೂರು, ಪಾಂಡವಪುರ ಪಾರಾಗುತ್ತವೆ.

ಪೈಥಾನ್‌ನಲ್ಲಾದರೆ ಇದಕ್ಕೆ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಫೋಲ್ಡರಿನ ಪಟ್ಟಿಯ ಹೆಸರುಗಳನ್ನೂ ನಮ್ಮ ಹೆಸರನ್ನೂ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತಂದು ಹೋಲಿಸಿ, ಹೊಂದಿದ ಫೈಲನ್ನು ಪಟ್ಟಿಯಲ್ಲಿ ಇರುವ ಹೆಸರಿನಿಂದಲೇ ತೆರೆಯಬೇಕು. ಕನ್ನಡ ಹೆಸರಿನ ಫೈಲ್ ಓದುವ ಪ್ರೋಗ್ರಾಮ್ ಬರೆಯುತ್ತಿದ್ದರೆ, ಫೈಲ್ ಇಲ್ಲ ಅನ್ನುವ ಸಂದೇಶದಲ್ಲಿ ಇಷ್ಟನ್ನಾದರೂ ತೋರಿಸಿ: ಪೂರ್ತಿ ದಾರಿ, ಪ್ರೋಗ್ರಾಮ್ ಆ ಹೊತ್ತಿಗೆ ಯಾವ ಫೋಲ್ಡರಿನಲ್ಲಿ ನಿಂತಿದೆ, ಮತ್ತು ಪೈಥಾನ್‌ನ ಆಸ್ಕಿ ಫಂಕ್ಷನ್ ಕೊಡುವ ಅಕ್ಷರ ಸಂಕೇತಗಳು. 0ಸಿಸಿ8 ಇದ್ದರೆ ಮೈಸೂರಿನ ಐತ್ವ ಕೂಡಿದೆ. 0ಸಿಸಿ6 ಆದಮೇಲೆ 0ಸಿಡಿ6 ಕಂಡರೆ ಒಡೆದಿದೆ.