ತಿಳಿನೀರಿನ ಸೊಳ್ಳೆ

ಊರಿನಲ್ಲಿ ಮಲೇರಿಯಾ ಕಾಣಿಸಿಕೊಂಡ ಕೂಡಲೇ ಜನ ಬೈಯುವುದು ಚರಂಡಿಯನ್ನು. ಚರಂಡಿ ಬೈಸಿಕೊಳ್ಳಬೇಕಾದ್ದೇ, ಆದರೆ ಬೇರೆ ಕಾರಣಕ್ಕೆ. ಅಲ್ಲಿನ ಕೊಳೆನೀರಿನಲ್ಲಿ ಬೆಳೆಯುವುದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆ. ಮಲೇರಿಯಾ ಹರಡುವುದು ಅನಾಫಿಲಿಸ್. ನಮ್ಮ ನಗರಗಳ ಮಲೇರಿಯಾದ ಮುಖ್ಯ ವಾಹಕವಾದ ಅನಾಫಿಲಿಸ್ ಸ್ಟೀಫೆನ್ಸಿಗೆ ಬೇಕಾದದ್ದು ನಾವೇ ಬಳಕೆಗೆಂದು ತುಂಬಿಟ್ಟ ತಿಳಿನೀರು. ಮಹಡಿಯ ಮೇಲಿನ ಟ್ಯಾಂಕು, ನೆಲದಡಿಯ ಸಂಪು, ಬಾವಿ, ಕಟ್ಟಡ ಏಳುತ್ತಿರುವ ಕಡೆ ಕ್ಯೂರಿಂಗ್‌ಗೆಂದು ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರು, ಇವೆಲ್ಲ ಅದರ ತೊಟ್ಟಿಲುಗಳು. 1990ರ ದಶಕದಿಂದೀಚೆಗೆ ಮಂಗಳೂರಿನಲ್ಲಿ ಬಹುಮಹಡಿ ಕಟ್ಟಡಗಳೂ ಮಲೇರಿಯಾವೂ ಒಟ್ಟೊಟ್ಟಿಗೆ ಬೆಳೆದದ್ದು ಆಕಸ್ಮಿಕವಲ್ಲ.

ಮುಚ್ಚಳ ಸರಿಯಿಲ್ಲದ ಟ್ಯಾಂಕಿನೊಳಗೆ ಟಾರ್ಚ್ ಹಾಕಿ ನೋಡಿದರೆ ಮರಿಹುಳು ಯಾವ ಜಾತಿಯದ್ದೆಂದು ಬರಿಗಣ್ಣಿಗೇ ಗೊತ್ತಾಗುತ್ತದೆ. ಕ್ಯೂಲೆಕ್ಸ್ ಮರಿಗೆ ಬಾಲದ ತುದಿಯಲ್ಲಿ ಉಸಿರಾಟದ ಕೊಳವೆಯಿದೆ. ಅದನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ನೇತಾಡುತ್ತದೆ. ಅನಾಫಿಲಿಸ್ ಮರಿಗೆ ಆ ಕೊಳವೆ ಇಲ್ಲ. ಹಾಗಾಗಿ ಅದು ಮೇಲ್ಮೈಗೆ ಸಮಾನಾಂತರವಾಗಿ, ಅಂಗಾತ ಅಲ್ಲ, ಬೋರಲಾಗಿ ಮಲಗಿರುತ್ತದೆ. ಆದರೆ ಆಹಾರವಿರುವುದು ಮೇಲಿನ ಪೊರೆಯಲ್ಲಿ, ಬಾಯಿರುವುದು ಕೆಳಗೆ! ಅದಕ್ಕೆ ಮರಿ ಕಂಡುಕೊಂಡ ಉಪಾಯ ವಿಚಿತ್ರವಾದದ್ದು: ದೇಹವನ್ನು ಅಲುಗಿಸದೆ ತಲೆಯನ್ನು ಮಾತ್ರ 180 ಡಿಗ್ರಿ ತಿರುಗಿಸಿ, ಬಾಯಿಯ ಸುತ್ತಲಿನ ಕೂದಲಿನಿಂದ ಮೇಲ್ಮೈಯಲ್ಲಿನ ಬ್ಯಾಕ್ಟೀರಿಯಾ, ಪಾಚಿಯ ಕಣಗಳನ್ನು ಬಾಯಿಗೆ ಗುಡಿಸಿಕೊಳ್ಳುತ್ತದೆ. ಬೆಚ್ಚಗಿನ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರಕ್ಕಿಂತ ತುಸು ಹೆಚ್ಚು ಸಮಯ ಸಾಕು. ವಾರಕ್ಕೊಮ್ಮೆ ತೊಟ್ಟಿ ಒಣಗಿಸಿ ಎನ್ನುವ ಸಲಹೆಯ ಹಿಂದಿರುವ ಲೆಕ್ಕ ಇದೇ.

ಹಾರಿದ ಸೊಳ್ಳೆಯೆಲ್ಲ ರೋಗ ಹರಡುವುದಿಲ್ಲ. ಗಂಡು ಕಚ್ಚುವುದೇ ಇಲ್ಲ. ರೋಗಿಯ ರಕ್ತ ಕುಡಿದ ಹೆಣ್ಣಿನ ಹೊಟ್ಟೆ ಸೇರಿದ ಪ್ಲಾಸ್ಮೋಡಿಯಂ ಎಂಬ ಮಲೇರಿಯಾ ರೋಗಾಣು ಅಲ್ಲಿ ಬೆಳೆದು, ಜೊಲ್ಲುಗ್ರಂಥಿ ತಲುಪಲು ನಮ್ಮ ಹವೆಯಲ್ಲಿ ಸುಮಾರು ಹತ್ತರಿಂದ ಹನ್ನೆರಡು ದಿನ ಬೇಕು. ಬಹುಪಾಲು ಸೊಳ್ಳೆಗಳು ಅಷ್ಟು ದಿನ ಬದುಕುವುದಿಲ್ಲ. ಅಂದರೆ ಅಪಾಯವಿರುವುದು ಮುದಿ ಸೊಳ್ಳೆಯಿಂದ. ರಕ್ತ ಹೀರಿ ಭಾರವಾದ ಸೊಳ್ಳೆ ಗೋಡೆಯ ಮೇಲೆ ಕೂರುತ್ತದೆ. ಗೋಡೆಗೆ ಡಿಡಿಟಿ ಎಂಬ ಕೀಟನಾಶಕ ಹೊಡೆದರೆ ಮುಪ್ಪಿಗೆ ಮುಂಚೆಯೇ ಸಾಯುತ್ತದೆ. ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ 1940ರ ದಶಕದಲ್ಲಿ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಇದನ್ನು ಮಾಡಿ ತೋರಿಸಿದರು. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ಆ ಅನುಭವವೇ ದಾರಿ ಹಾಕಿತು. ಅದರಿಂದ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷದ ಆಸುಪಾಸಿಗೆ ಇಳಿದಿದ್ದ ರೋಗಿಗಳ ಸಂಖ್ಯೆ 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿದ್ದಕ್ಕೆ ಕಾರಣ ಹಲವು. ಡಿಡಿಟಿಯನ್ನು ಅರಗಿಸಿಕೊಳ್ಳಲು ಕಲಿತ ಸೊಳ್ಳೆಯೂ ಅವುಗಳಲ್ಲಿ ಒಂದು.

ಹಳ್ಳಿಗಳ ಮುಖ್ಯ ವಾಹಕ ಅನಾಫಿಲಿಸ್ ಕ್ಯೂಲಿಸಿಫೇಸಿಸ್. ನೋಡಲು ಒಂದೇ ಬಗೆಯ ಈ ಸೊಳ್ಳೆ ನಿಜದಲ್ಲಿ ಒಂದು ಜಾತಿಯಲ್ಲ, ತಮ್ಮತಮ್ಮಲ್ಲಿ ಕೂಡದ ಹಲವು ಜಾತಿಗಳ ಗುಂಪು ಎಂಬುದು 1980ರ ಹೊತ್ತಿಗೆ ವರ್ಣತಂತುಗಳ ಅಧ್ಯಯನದಿಂದ ಬಯಲಾಯಿತು. ಅವಕ್ಕೆ ಎ, ಬಿ, ಸಿ ಎಂದು ಹೆಸರಿಟ್ಟರು. ದಕ್ಷಿಣ ಕರ್ನಾಟಕದಲ್ಲಿ ‘ಎ’ ಮಲೇರಿಯಾ ಹರಡುತ್ತದೆ. ದನದ ರಕ್ತವನ್ನೇ ಇಷ್ಟಪಡುವ ‘ಬಿ’ ಹೆಚ್ಚೇನೂ ಕೇಡು ಮಾಡದು. ಬಾವಿಗಳಿರುವ ಹಳ್ಳಿಯಲ್ಲಿ ‘ಎ’ ಹೆಚ್ಚು, ಹಳ್ಳ ಹರಿಯುವ ಕಡೆ ‘ಬಿ’ ಹೆಚ್ಚು. ಮಲೇರಿಯಾ ಸಂಶೋಧಕರು ಬಾವಿಗಳಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನು ಬಿಟ್ಟಾಗ ‘ಎ’ ಬಹುತೇಕ ಮಾಯವಾಗಿ ‘ಬಿ’ ಉಳಿಯಿತು, ಜ್ವರವೂ ಇಳಿಯಿತು. ಸೊಳ್ಳೆ ಪೂರ್ತಿ ಹೋಗಲಿಲ್ಲ, ಹೋಗಬೇಕಾಗಿಯೂ ಇರಲಿಲ್ಲ. ಔಷಧಿಯ ಹೊಗೆ ಬಿಡುವ ಯಂತ್ರದ ಸದ್ದಿಗಿಂತ ಈ ಮೌನದ ಮೀನಿನ ಕೆಲಸ ನನಗೆ ಹೆಚ್ಚು ಸೊಗಸಾಗಿ ಕಾಣುತ್ತದೆ.

ಸ್ಟೀಫೆನ್ಸಿಯಲ್ಲೂ ಇಂಥ ಒಳಭೇದವಿದೆ. ಅದರ ಮೊಟ್ಟೆ ಸುಮಾರು ಅರ್ಧ ಮಿಲಿಮೀಟರ್ ಉದ್ದದ ದೋಣಿ. ಎರಡು ಮಗ್ಗುಲಿಗೂ ಗಾಳಿ ತುಂಬಿದ ತೇಲುಚೀಲ, ಅದರ ಮೇಲೆ ಸಾಲು ಏಣುಗಳು. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಮಲೇರಿಯಾ ಸಂಶೋಧಕರಾದ ಸ್ವೀಟ್ ಮತ್ತು ರಾವ್ ಸೂಕ್ಷ್ಮದರ್ಶಕದಡಿ ಆ ಏಣುಗಳನ್ನು ಎಣಿಸುತ್ತ ಕೂತು, 1937ರಲ್ಲಿ ಸ್ಟೀಫೆನ್ಸಿಯಲ್ಲಿ ಎರಡು ಬಗೆ ಇವೆಯೆಂದು ಪ್ರಕಟಿಸಿದರು. ಏಣು ಹೆಚ್ಚಿರುವುದು ಮೂಲ ರೂಪ, ನಗರವಾಸಿ. ಏಣು ಕಡಿಮೆ ಇರುವುದಕ್ಕೆ ‘ಮೈಸೊರೆನ್ಸಿಸ್’ ಎಂದೇ ಹೆಸರು. ಅದು ಹಳ್ಳಿಯದ್ದು, ಭಾರತದಲ್ಲಿ ರೋಗ ಹರಡುವುದರಲ್ಲಿ ಹಿಂದುಳಿದದ್ದು. ನಡುವಿನ ಮೂರನೆಯ ರೂಪ ಆಮೇಲೆ ಗೊತ್ತಾಯಿತು.

ಸ್ಟೀಫೆನ್ಸಿ ಬೆಳೆಯುವ ನೀರಿಗೆ ಕೈಹಾಕುವುದು ಸುಲಭವಲ್ಲ, ಅದು ಮನೆಯವರ ನೀರು. 1911ರಲ್ಲಿ ಮಲೇರಿಯಾ ತಜ್ಞ ಬೆಂಟ್ಲಿ ಮುಂಬಯಿಯ ಬಾವಿಗಳೇ ಮಲೇರಿಯಾದ ತವರೆಂದು ವರದಿ ಕೊಟ್ಟು, ಆಡಳಿತ ಬಾವಿ ಮುಚ್ಚಿಸಲು ಹೊರಟಾಗ ಪಾರ್ಸಿಗಳೂ ಇತರರೂ ತಮ್ಮ ಪವಿತ್ರ ಬಾವಿಗಳಿಗಾಗಿ ಪ್ರತಿಭಟಿಸಿದರು. ಅದಕ್ಕೂ ಮೊದಲು, 1883ರಲ್ಲಿ, ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ, ಮುಂದೆ ಮಲೇರಿಯಾ ಹರಡುವುದು ಸೊಳ್ಳೆಯೆಂದು ತೋರಿಸಿಕೊಟ್ಟ ರೊನಾಲ್ಡ್ ರಾಸ್ ತನ್ನ ಕಿಟಕಿಯಾಚೆಯ ಪೀಪಾಯಿ ಮಗುಚಿ ಸೊಳ್ಳೆ ಕಡಿಮೆ ಮಾಡಿಕೊಂಡಿದ್ದ. ಮೆಸ್ಸಿನಲ್ಲೂ ಹಾಗೆ ಮಾಡೋಣವೆಂದರೆ, ಸೃಷ್ಟಿಯ ನಿಯಮ ಕೆಡಿಸಬಾರದೆಂದು ಅಧಿಕಾರಿಯೊಬ್ಬ ಒಪ್ಪಲಿಲ್ಲವಂತೆ.

2012ರಲ್ಲಿ ಸ್ಟೀಫೆನ್ಸಿ ಆಫ್ರಿಕಾ ಖಂಡದ ಜಿಬೂಟಿಯಲ್ಲಿ ಪತ್ತೆಯಾಯಿತು. ಆ ವರ್ಷ ಅಲ್ಲಿ ವರದಿಯಾದ ಮಲೇರಿಯಾ ಪ್ರಕರಣ 27. 2020ರಲ್ಲಿ 73,000ಕ್ಕೂ ಹೆಚ್ಚು. ಎಲ್ಲ ಹೊಣೆಯನ್ನೂ ಒಂದೇ ಸೊಳ್ಳೆಯ ತಲೆಗೆ ಕಟ್ಟಲಾಗದು. ಆದರೂ 2022ರಲ್ಲಿ ಇಥಿಯೋಪಿಯಾದ ಡಿರೆ ದಾವಾ ನಗರದಲ್ಲಿ ಬೇಸಿಗೆಯಲ್ಲೇ ಎದ್ದ ಪಿಡುಗಿನಲ್ಲಿ ಅದರ ಪಾತ್ರ ಸ್ಪಷ್ಟವಾಗಿ ಕಂಡಿತು. ಆಫ್ರಿಕಾದ ಹಳೆಯ ವಾಹಕಗಳು ಬಹುಮಟ್ಟಿಗೆ ಮಳೆನೀರಿನ ಹೊಂಡಗಳಲ್ಲಿ ಹುಟ್ಟಿ, ರಾತ್ರಿ ಮನೆಯೊಳಗೆ ಕಚ್ಚುವಂಥವು. ಸೊಳ್ಳೆಪರದೆ, ಗೋಡೆಯ ಸಿಂಪಡಣೆ ಎಲ್ಲವೂ ಅವಕ್ಕಾಗಿ ರೂಪುಗೊಂಡವು. ಹೊಸಬನಿಗೆ ಮಳೆ ಬೇಕಿಲ್ಲ, ತುಂಬಿದ ಡ್ರಮ್ಮು ಸಾಕು. ವಿಶ್ರಾಂತಿಗೆ ದನದ ಕೊಟ್ಟಿಗೆಯೂ ಆದೀತು. ಶ್ರೀಲಂಕಾ 2016ರ ಸೆಪ್ಟೆಂಬರಿನಲ್ಲಿ ಮಲೇರಿಯಾಮುಕ್ತವೆಂಬ ಮನ್ನಣೆ ಪಡೆಯಿತು. ಆ ವರ್ಷ ಮುಗಿಯುವುದರೊಳಗೆ ಮನ್ನಾರಿನಲ್ಲಿ ಇದೇ ಸೊಳ್ಳೆ ಸಿಕ್ಕಿತು.

ಪ್ರಯೋಗಾಲಯದಲ್ಲಿ ಸುಲಭವಾಗಿ ಸಾಕಬಹುದಾದ್ದರಿಂದ ವಂಶವಾಹಿ ತಿದ್ದುವವರಿಗೂ ಸ್ಟೀಫೆನ್ಸಿಯೇ ಅಚ್ಚುಮೆಚ್ಚು. 2015ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಪ್ಲಾಸ್ಮೋಡಿಯಂ ತಡೆಯುವ ವಂಶವಾಹಿಗಳನ್ನು ಜೀನ್ ಡ್ರೈವ್ ಎಂಬ ತಂತ್ರದಿಂದ ಅದರೊಳಗೆ ಸೇರಿಸಿದರು. ಮಾಮೂಲಿಯಾಗಿ ಅರ್ಧದಷ್ಟು ಮರಿಗಳಿಗೆ ಹೋಗಬೇಕಾದದ್ದು ಶೇಕಡಾ 99ಕ್ಕೂ ಹೆಚ್ಚಿನವುಗಳಿಗೆ ಹೋಯಿತು. ಆದರೆ ತಿದ್ದಿದ ಹೆಣ್ಣುಗಳ ಸಂತತಿಯಲ್ಲಿ ಅದು ಅಷ್ಟು ಸಲೀಸಾಗಿ ಮುಂದುವರಿಯಲಿಲ್ಲ. ಇನ್ನೂ ಒಂದು ಮಿತಿ ಇದೆ. ಜೀನ್ ಡ್ರೈವ್ ಹರಡುವುದು ಕೂಡುವಿಕೆಯಿಂದ ಮಾತ್ರ. ಸ್ಟೀಫೆನ್ಸಿಗೆ ಹೆಣೆದದ್ದು ಕ್ಯೂಲಿಸಿಫೇಸಿಸ್‌ಗೆ ದಾಟದು, ಮಲೆನಾಡಿನ ತೊರೆಗಳಲ್ಲಿ ಬೆಳೆಯುವ ಫ್ಲುವಿಯಾಟಿಲಿಸ್‌ಗೂ ದಾಟದು. ಮಂಗಳೂರಿನ ಟ್ಯಾಂಕಿಗೆ ಒಂದು, ತುಮಕೂರಿನ ಬಾವಿಗೆ ಇನ್ನೊಂದು, ಮಲೆನಾಡಿನ ತೊರೆಗೆ ಮತ್ತೊಂದು ಎಂದು ಬೇರೆಬೇರೆಯಾಗಿಯೇ ಹೆಣೆಯಬೇಕು.